ಮಣಿಯ ಕೇಸು

ಒಂದು ವಠಾರದಲ್ಲಿ ಆರು ಮನೆ, ಒಂದು ನಲ್ಲಿ ಮತ್ತು ಒಬ್ಬ ಬಿ.ಎಸ್ಸಿ. ಪಾಸಾದವನು ಇದ್ದರೆ ಇಂಥವು ಆಗುತ್ತಲೇ ಇರುತ್ತವೆ. ಪಾಸಾದವನು ನಾನು. ವಿಷಯ ರಸಾಯನಶಾಸ್ತ್ರ. ನಮ್ಮ ಚಾಮರಾಜಪೇಟೆಯ ವಠಾರದ ತರ್ಕದಲ್ಲಿ ರಸಾಯನವೆಂದರೆ ಔಷಧ, ಔಷಧವೆಂದರೆ ಡಾಕ್ಟರು. ಪಕ್ಕದ ಮನೆಯ ಗಿಣಿ ಮಾತು ನಿಲ್ಲಿಸಿದಾಗ ನನ್ನನ್ನು ಕರೆದರು. ಗೋಡೆ ಗಡಿಯಾರ ನಿಂತಾಗಲೂ ಕರೆದರು. ಎರಡೂ ತಮ್ಮಷ್ಟಕ್ಕೆ ಸರಿಹೋದವು. ಹೆಸರು ನನಗೆ ಬಂತು.

ಹೀಗಾಗಿ ಎಪ್ಪತ್ತಾರನೇ ಇಸವಿಯ ಮಾವಿನ ಕಾಲದಲ್ಲಿ ಮನೆ ಓನರ್ ಅವರ ನಾಯಿ ಮಣಿಗೆ ಕಾಯಿಲೆಯಾದಾಗ ಮೊದಲು ಬಡಿದದ್ದು ನನ್ನ ಬಾಗಿಲನ್ನೇ.

ಮುಂದೆ ಬರೆದಿರುವುದು ಹೆಚ್ಚುಕಡಿಮೆ ಒಂದೇ ಸೋಮವಾರ ನಡೆದದ್ದು. ಅದಕ್ಕೆ ಮೊದಲು ಎರಡು ಸಂಗತಿ ತಿಳಿದಿರಬೇಕು. ಒಂದು, ಮಣಿ ಸರದಿಯ ಪ್ರಕಾರ ವಠಾರದ ಎಲ್ಲ ಮನೆಯವರನ್ನೂ ಕಚ್ಚಿ ಮುಗಿಸಿತ್ತು, ಓನರ್ ಒಬ್ಬರನ್ನು ಬಿಟ್ಟು. ಅದನ್ನು ಎತ್ತಿಕೊಂಡು ಹೊಸಿಲು ದಾಟುವುದು ಅವರಿಂದ ಮಾತ್ರ ಸಾಧ್ಯವಿತ್ತು. ಎರಡು, ದೇಶದಲ್ಲಿ ಆಗ ತುರ್ತು ಪರಿಸ್ಥಿತಿ. ಕುಟುಂಬ ಯೋಜನೆಯ ಆಪರೇಷನ್ನಿಗೆ ಗಂಡಸರನ್ನು ಒಪ್ಪಿಸಿ ಕರೆತರಬೇಕೆಂದು ಸರ್ಕಾರಿ ನೌಕರರಿಗೆ ಮೇಲಿನಿಂದ ಆಜ್ಞೆಯಾಗಿತ್ತು. ಹಾಗೆ ಸಿಕ್ಕಿದ ಗಂಡಸಿಗೆ ‘ಕೇಸು’ ಎಂದು ಹೆಸರು. ನಮ್ಮ ಓನರ್ ಅವರಿಗೆ ಚಿಕ್ಕಪೇಟೆಯಲ್ಲಿ ಒಂದು ಜವಳಿ ಅಂಗಡಿ, ವಠಾರದಲ್ಲಿ ಐದು ಮಕ್ಕಳು. ಅಂಥವರನ್ನು ಕಂಡರೆ ಸರ್ಕಾರಿ ನೌಕರರ ಕಣ್ಣು ಹೊಳೆಯುತ್ತಿತ್ತು. ಅದು ಓನರ್ ಅವರಿಗೂ ಗೊತ್ತಿತ್ತು. ಸರ್ಕಾರಿ ಆಸ್ಪತ್ರೆ ಇರುವ ಯಾವ ರಸ್ತೆಯನ್ನೂ ಅವರು ಹಲವು ತಿಂಗಳಿಂದ ತುಳಿದಿರಲಿಲ್ಲ.

ಹನ್ನೆರಡನೇ ವಾಟೆ

ಬೆಳಿಗ್ಗೆ ಆರಕ್ಕೆ ನೋಟ್‌ಬುಕ್ಕು ಹಿಡಿದು ಹೋದೆ. ಮಣಿ ತುಳಸಿಕಟ್ಟೆಯ ಪಕ್ಕ ಮಲಗಿತ್ತು. ಹೊಟ್ಟೆ ಉಬ್ಬಿತ್ತು. ನನ್ನನ್ನು ಕಂಡು ಗುರ್ ಎನ್ನಲಿಲ್ಲ. ಅದನ್ನೇ ಮೊದಲ ಲಕ್ಷಣವೆಂದು ಬರೆದುಕೊಂಡೆ.

“ನಿನ್ನೆ ಏನು ತಿಂದಿತ್ತಮ್ಮ?” ಎಂದು ಓನರ್ ಅವರ ಹೆಂಡತಿಯನ್ನು ಕೇಳಿದೆ. ವಠಾರದಲ್ಲಿ ಅವರಿಗೆ ಓನರಮ್ಮ ಎಂದೇ ಹೆಸರು.

“ಏನೂ ಇಲ್ಲಪ್ಪ, ಮಾಮೂಲಿ. ಅನ್ನ, ಹುಳಿ, ಎರಡು ಚಪಾತಿ, ಮಾವಿನಹಣ್ಣಿನ ಸೀಕರಣೆ.”

“ನಾಯಿಗೆ ಸೀಕರಣೇನಾ?”

“ಭಾನುವಾರ ಅಲ್ವಾ.”

“ಎಷ್ಟು ಮಾವಿನಹಣ್ಣು ತಂದಿದ್ರಿ?”

“ಒಂದು ಡಜನ್ನು.”

ಹಿತ್ತಲಿನ ತಿಪ್ಪೆಗೆ ಹೋಗಿ ಒಂದು ಕಡ್ಡಿ ತೆಗೆದುಕೊಂಡು ತಿಂದು ಎಸೆದ ಮಾವಿನ ವಾಟೆಗಳನ್ನು ಎಣಿಸಿದೆ. ಹನ್ನೊಂದು ಇದ್ದವು. ಎರಡನೇ ಸಲ ಎಣಿಸಿದಾಗಲೂ ಹನ್ನೊಂದೇ. ವಾಪಸು ಬಂದು ಹನ್ನೆರಡನೆಯದು ಮಣಿಯ ಹೊಟ್ಟೆಯಲ್ಲಿದೆ ಎಂದೆ.

ಓನರ್ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ನಾಯಿ ಹೊಟ್ಟೇಲಿ ಏನಿದೆ ಅಂತ ತಿಪ್ಪೆ ನೋಡಿ ಹೇಳ್ದ. ಬಿ.ಎಸ್ಸಿ. ಅಂದ್ರೆ ಸುಮ್ನೆನಾ.”

ನಾನು ವಿಷಯವನ್ನು ಚುಟುಕಾಗಿ ಹೇಳಿದೆ. ವಾಟೆ ಕರಗುವ ವಸ್ತುವಲ್ಲ, ಕರುಳಿಗೆ ಅಡ್ಡ ಕೂತಿದೆ, ಮಧ್ಯಾಹ್ನದೊಳಗೆ ದನದ ಆಸ್ಪತ್ರೆಗೆ ಒಯ್ಯದಿದ್ದರೆ ಮಣಿ ಉಳಿಯುವುದಿಲ್ಲ. ಓನರ್ ನೆಲದ ಮೇಲೆ ಕೂತು ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಕಣ್ಣು ಒದ್ದೆಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

“ದನದ ಆಸ್ಪತ್ರೆ ಅಂದ್ರೆ, ಸರ್ಕಾರಿದಾ?”

“ಹೌದು ಸಾರ್.”

ಮಣಿಯ ಹೊಟ್ಟೆಯನ್ನು ಇನ್ನೊಮ್ಮೆ ಸವರಿ ನೋಡಿದರು. “ಅಷ್ಟೇನೂ ಉಬ್ಬಿಲ್ಲ ಅನ್ಸುತ್ತೆ,” ಎಂದರು.

ಕತ್ತರಿ ಒಂದೇ

“ಅದು ಪ್ರಾಣಿಗಳ ಆಸ್ಪತ್ರೆ ಸಾರ್. ಮನುಷ್ಯರ ತಂಟೆಗೆ ಬರಲ್ಲ,” ಎಂದೆ.

“ನಿನಗೆ ಗೊತ್ತಿಲ್ಲ. ಸರ್ಕಾರಿ ಆಸ್ಪತ್ರೆ ಅಂದ್ರೆ ಸರ್ಕಾರಿ ಆಸ್ಪತ್ರೆ. ದನದ್ದಾದ್ರೇನು, ಜನದ್ದಾದ್ರೇನು, ಕತ್ತರಿ ಒಂದೇ. ಆ ಸುಂಕೇನಹಳ್ಳಿ ಕಡೆ ಹಾಲಿನವನ ಕಥೆ ಕೇಳಿಲ್ವಾ? ಎಮ್ಮೆಗೆ ಇಂಜೆಕ್ಷನ್ ಹಾಕ್ಸಕ್ಕೆ ಅಂತ ಹೋದ. ವಾಪಸ್ ಬರ್ತಾ ಕೈಲಿ ಟ್ರಾನ್ಸಿಸ್ಟರ್ ಇತ್ತು.”

ಆಪರೇಷನ್ ಮಾಡಿಸಿಕೊಂಡವರಿಗೆ ಟ್ರಾನ್ಸಿಸ್ಟರ್ ರೇಡಿಯೋ ಕೊಡುತ್ತಾರೆಂದು ಆಗ ಊರೆಲ್ಲ ಸುದ್ದಿ. ಹೊಸ ರೇಡಿಯೋ ತಂದವನನ್ನು ಜನ ಒಂದು ಥರಾ ನೋಡುತ್ತಿದ್ದರು.

ಓನರಮ್ಮ ಅಡುಗೆಮನೆಯಿಂದಲೇ ಹೇಳಿದರು: “ಆ ಹಾಲಿನವನಿಗೆ ಮದುವೇನೇ ಆಗಿಲ್ಲ ಕಣ್ರೀ.”

“ಅದನ್ನೇ ನಾನು ಹೇಳ್ತಿರೋದು. ಮದುವೆ ಆಗದೋರ್ನೇ ಬಿಟ್ಟಿಲ್ಲ.”

ಪರಸ್ಥಾನ

ಕತ್ತರಿಯ ವಾದ ಹೆಂಡತಿಯ ಮುಂದೆ ಬಹಳ ಹೊತ್ತು ನಿಲ್ಲಲಿಲ್ಲ. ಓನರ್ ಪಂಚಾಂಗ ತೆಗೆದರು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಆಗ ಸಮಯ ಏಳು ಗಂಟೆ ಐದು ನಿಮಿಷ.

“ಒಂಬತ್ತಾದ್ಮೇಲೆ ಯೋಚನೆ ಮಾಡೋಣ,” ಎಂದರು.

“ವಾಟೆ ನುಂಗೋವಾಗ ಅದು ಪಂಚಾಂಗ ನೋಡ್ತಾ?” ಎಂದರು ಓನರಮ್ಮ.

“ಅದಕ್ಕೇ ಈ ಗತಿ ಬಂತು.”

ಆಸ್ಪತ್ರೆ ತೆರೆಯುವುದು ಎಂಟಕ್ಕೆ ಎಂದು ನಾನು ಹೇಳಿದೆ. ಎಂಟು ರಾಹುಕಾಲದ ಒಳಗೇ ಬರುತ್ತದೆ ಎಂದು ಅವರು ತೋರಿಸಿದರು. ವಿಜ್ಞಾನಕ್ಕೆ ಇಲ್ಲಿ ಉತ್ತರ ಇರಲಿಲ್ಲ. ಉತ್ತರ ಕೊಟ್ಟವರು ಓನರಮ್ಮ. ಕೆಟ್ಟ ಗಳಿಗೆಯಲ್ಲಿ ಪ್ರಯಾಣ ಬಂದರೆ ಒಳ್ಳೆಯ ಗಳಿಗೆಯಲ್ಲೇ ನಮ್ಮದೊಂದು ಸಾಮಾನನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವ ಪದ್ಧತಿ ಇದೆ. ಅದಕ್ಕೆ ಪರಸ್ಥಾನ ಎನ್ನುತ್ತಾರೆ. ಸಾಮಾನು ಹೊರಟರೆ ಮನುಷ್ಯನೂ ಹೊರಟಂತೆ. ಆಮೇಲೆ ಯಾವಾಗ ಬೇಕಾದರೂ ಹೊಸಿಲು ದಾಟಬಹುದು.

“ಇಬ್ಬರು ಹೋಗೋದು. ಇಬ್ಬರದ್ದೂ ಇಡ್ಬೇಕು,” ಎಂದು ಅವರು ಗಂಡನ ಕೊಡೆಯನ್ನೂ ಮಣಿಯ ಸರಪಳಿಯನ್ನೂ ತೆಗೆದುಕೊಂಡು ಹೋಗಿ ಎದುರು ಮನೆಯ ಜಗಲಿಯ ಮೇಲೆ ಇಟ್ಟುಬಂದರು.

ಎದುರು ಮನೆಯಲ್ಲಿ ಒಬ್ಬ ಗುಮಾಸ್ತರಿದ್ದರು. ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ. ಅವರು ಕೊಡಬೇಕಾದ ಕೇಸುಗಳಲ್ಲಿ ಒಂದು ಇನ್ನೂ ಬಾಕಿ ಇತ್ತು. ಜಗಲಿಯ ಮೇಲೆ ಓನರ್ ಅವರ ಕೊಡೆ ಕಂಡು, ಅವರು ಆಸ್ಪತ್ರೆಗೆ ಹೊರಡುತ್ತಿದ್ದಾರೆಂದು ತಿಳಿದು, ಗುಮಾಸ್ತರ ಮುಖ ಅರಳಿತು.

“ನಾನೂ ಬರ್ತೀನಿ ಸಾರ್ ನಿಮ್ಮ ಜೊತೆ. ಆಫೀಸಿಗೆ ರಜ ಹಾಕ್ತೀನಿ. ಇಂಥ ಹೊತ್ತಲ್ಲಿ ಒಬ್ರಿಗೊಬ್ರು ಆಗ್ದೇ ಇದ್ರೆ ಹೇಗೆ,” ಎಂದರು.

ಗುಮಾಸ್ತರು ಮೂರು ವರ್ಷದಿಂದ ಎದುರಿಗೇ ಇದ್ದರು. ಓನರ್ ಅವರಿಗೆ ಅಲ್ಲಿಯವರೆಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ.

ಏಳು ಇಪ್ಪತ್ತಕ್ಕೆ ಕೊಡೆ ಮತ್ತು ಸರಪಳಿ ಶಾಸ್ತ್ರೋಕ್ತವಾಗಿ ಹೊರಟವು. ನಾಯಿ ಮತ್ತು ಓನರ್ ಮನೆಯಲ್ಲೇ ಉಳಿದರು.

ಎಮರ್ಜೆನ್ಸಿ

ಎಂಟಕ್ಕೆ ಸರಿಯಾಗಿ ಮೂಲೆಯ ಮೆಡಿಕಲ್ ಸ್ಟೋರಿನಿಂದ ಆಸ್ಪತ್ರೆಗೆ ಫೋನ್ ಮಾಡಿದೆ. ಏನೇನು ಸಿದ್ಧ ಮಾಡಿಕೊಂಡು ಬರಬೇಕೆಂದು ಕೇಳುವುದು ನನ್ನ ಉದ್ದೇಶ. ಓನರ್ ನನ್ನ ಹಿಂದೆಯೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತರು.

“ಹಲೋ, ಒಂದು ಎಮರ್ಜೆನ್ಸಿ ಇದೆ ಸಾರ್,” ಎಂದೆ.

ಆ ಕಡೆಯಿಂದ ಎಚ್ಚರಿಕೆಯ ಧ್ವನಿ: “ಅದು ಹೋದ ವರ್ಷದಿಂದಾನೇ ಇದೆ. ಅದರ ಬಗ್ಗೆ ಇಲ್ಲಿ ಯಾರೂ ಏನೂ ಮಾತಾಡಲ್ಲ. ನಾವೆಲ್ಲ ಟೈಮಿಗೆ ಸರಿಯಾಗಿ ಬಂದು ಸೀಟಲ್ಲಿ ಕೂತಿದೀವಿ, ಬರ್ಕೊಳಿ.” ಫೋನ್ ಇಟ್ಟರು.

ಎರಡನೇ ಸಲ ಮಾಡಿ ‘ಅರ್ಜೆಂಟು’ ಎಂದೆ.

“ಹಾಗನ್ನಿ ಮತ್ತೆ. ಏನು ಕೇಸು?”

ಆ ಮನುಷ್ಯ ಒಳ್ಳೆಯವರು. ಒಂದೊಂದಾಗಿ ಎಲ್ಲ ಕೇಳಿದರು. ತೊಂದರೆ ಏನಾಯಿತೆಂದರೆ, ಅವರ ಪ್ರಶ್ನೆ ಕೇಳುತ್ತಿದ್ದದ್ದು ನನಗೊಬ್ಬನಿಗೆ, ನನ್ನ ಉತ್ತರ ಕೇಳುತ್ತಿದ್ದದ್ದು ಓನರ್ ಅವರಿಗೂ.

“ಗಂಡು ಸಾರ್... ಇಲ್ಲ, ಒಂದೇ ಕೇಸು... ಬರಕ್ಕೆ ಅಷ್ಟು ಸುಲಭವಾಗಿ ಒಪ್ಪಲ್ಲ... ಸರಿ, ಬಾಯಿ ಕಟ್ಟೇ ತರ್ತೀವಿ... ಇಲ್ಲ ಸಾರ್, ಇವತ್ತು ಏನೂ ತಿಂದಿಲ್ಲ... ಸೈನು ತಾನೆ, ಅಲ್ಲೇ ಹಾಕಿಸ್ಕೊಳಿ... ನಾನೂ ಇನ್ನೊಬ್ರೂ ಹಿಡ್ಕೋತೀವಿ. ಆ ಇನ್ನೊಬ್ರು ಸರ್ಕಾರಿ ನೌಕರರೇ.”

ಫೋನ್ ಇಟ್ಟು ತಿರುಗಿದೆ. ಓನರ್ ಇರಲಿಲ್ಲ. ಮೆಟ್ಟಿಲ ಮೇಲೆ ಅವರ ಒಂದು ಚಪ್ಪಲಿ ಇತ್ತು.

ಏನೂ ತಿನ್ನಿಸಬೇಡಿ

ಚಪ್ಪಲಿ ಹಿಡಿದುಕೊಂಡು ವಾಪಸು ಬಂದೆ. ಓನರ್ ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದರು. ಅವರನ್ನು ಆಮೇಲೆ ನೋಡಿಕೊಳ್ಳೋಣವೆಂದು ಮೊದಲು ನಾಯಿಯ ಕೆಲಸಕ್ಕೆ ಕೈಹಾಕಿದೆ. ಆಸ್ಪತ್ರೆಯವರು ಹೇಳಿದ ಮೊದಲ ನಿಯಮ, ಹೊಟ್ಟೆ ಖಾಲಿ ಇರಬೇಕು. ಇದನ್ನು ನಾನು ಮುಂಚೆಯೇ ಊಹಿಸಿ ಒಂದು ಸ್ಲೇಟಿನ ಮೇಲೆ ‘ಮಣಿಗೆ ಏನೂ ತಿನ್ನಿಸಬೇಡಿ’ ಎಂದು ದೊಡ್ಡದಾಗಿ ಬರೆದು ತುಳಸಿಕಟ್ಟೆಗೆ ಒರಗಿಸಿ ಹೋಗಿದ್ದೆ.

ಮಣಿಯ ಮೂತಿಗೆ ಏನೋ ಹಳದಿ ಬಣ್ಣದ್ದು ಅಂಟಿತ್ತು.

“ಇದೇನಮ್ಮ?”

“ಅರಿಶಿನದ ಹಾಲು. ಮೂಲೆ ಮನೆಯವರು ಕುಡಿಸಿದ್ರು,” ಎಂದರು ಓನರಮ್ಮ.

“ಸ್ಲೇಟು ಇತ್ತಲ್ಲ.”

“ತಿನ್ನಿಸಬೇಡಿ ಅಂತ ಇತ್ತು. ಯಾರೂ ತಿನ್ನಿಸಿಲ್ಲಪ್ಪ. ಕುಡಿಸಿದೀವಿ ಅಷ್ಟೆ.”

ವಿಚಾರಿಸಿದಾಗ ಮೂಲೆ ಮನೆಯ ಅರಿಶಿನದ ಹಾಲು, ನಡುಮನೆಯವರ ಓಮದ ಕಷಾಯ, ಗುಮಾಸ್ತರ ಮನೆಯ ಇಂಗಿನ ಮಜ್ಜಿಗೆ, ಎಲ್ಲ ಒಳಗೆ ಹೋಗಿದ್ದವು. ಕಚ್ಚಲು ಮಣಿಗೆ ತ್ರಾಣವಿಲ್ಲವೆಂದು ತಿಳಿದ ಮೇಲೆ ವಠಾರದ ಕರುಣೆಗೆ ತಡೆ ಇರಲಿಲ್ಲ. ನಾನು ಸ್ಲೇಟು ಒರೆಸಿ ‘ತಿನ್ನಿಸಬೇಡಿ, ಕುಡಿಸಬೇಡಿ, ನೆಕ್ಕಿಸಬೇಡಿ’ ಎಂದು ಬರೆದೆ. ಜೇನುತುಪ್ಪದ ಬಟ್ಟಲು ಹಿಡಿದುಕೊಂಡು ಬರುತ್ತಿದ್ದ ಒಬ್ಬರು ಮೂರನೇ ಪದ ಓದಿ ವಾಪಸು ಹೋದರು.

ಬಾಟಲಿ

ಎರಡನೇ ನಿಯಮ, ವಾಂತಿಯ ಸ್ಯಾಂಪಲ್ ತರಬೇಕು.

“ಒಂದು ತೊಳೆದ ಬಾಟ್ಲಿ ಕೊಡಿ,” ಎಂದು ಓನರಮ್ಮನನ್ನು ಕೇಳಿದೆ.

“ವಾಂತಿ ಹಾಕಕ್ಕೆ ತೊಳೆದ ಬಾಟ್ಲಿ ಯಾಕೆ?”

ಆದರೂ ಒಂದು ಉಪ್ಪಿನಕಾಯಿ ಬಾಟಲಿ ಕೊಟ್ಟರು. ಸ್ಯಾಂಪಲ್ ತುಂಬಿ ಮುಚ್ಚಳ ಬಿಗಿದು ‘ಮಣಿ, ವಾಂತಿ, ಸೋಮವಾರ 8.40’ ಎಂದು ಚೀಟಿ ಬರೆದು ಮೈದಾ ಅಂಟಿನಲ್ಲಿ ಅಂಟಿಸಿ ಒಣಗಲಿ ಎಂದು ಕಿಟಕಿಯಲ್ಲಿ ಇಟ್ಟೆ. ಅದೇ ಕಿಟಕಿಯಲ್ಲಿ ಅಂಥದೇ ಇನ್ನೊಂದು ಬಾಟಲಿ ಇತ್ತು. ಹೊರಡುವ ಗಡಿಬಿಡಿಯಲ್ಲಿ ಓನರಮ್ಮ ಬಾಟಲಿಯನ್ನು ಚೀಲಕ್ಕೆ ಹಾಕಿಕೊಟ್ಟರು.

ಇದರ ಕೊನೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಡಾಕ್ಟರು ಮುಚ್ಚಳ ತೆಗೆದು ಮೂಸಿ ನೋಡಿದರು. ಇನ್ನೊಮ್ಮೆ ಮೂಸಿದರು. ಬೆಳಕಿಗೆ ಹಿಡಿದು ನೋಡಿದರು.

“ಸ್ಯಾಂಪಲ್ ತನ್ನಿ ಅಂದ್ರೆ ಸರಿ. ಒಗ್ಗರಣೆ ಯಾಕೆ ಹಾಕಿದೀರಿ?” ಎಂದರು.

ಅದು ಮಾವಿನಕಾಯಿ ಗೊಜ್ಜು. ಹಸಿ ಅಂಟಿನ ಚೀಟಿ ಕಿಟಕಿಯಲ್ಲೇ ಉದುರಿರಬೇಕು. ಮನೆಯಲ್ಲಿ ಉಳಿದ ಬಾಟಲಿ ಏನಾಯಿತೆಂದು ನಾನು ಯಾರನ್ನೂ ಕೇಳಲಿಲ್ಲ. ಮೂರು ದಿನ ಓನರ್ ಮನೆಯಿಂದ ಬಂದ ಏನನ್ನೂ ತಿನ್ನಲೂ ಇಲ್ಲ.

ಕೆಮ್ಮುವ ಗಾಡಿ

ಒಂಬತ್ತೂಕಾಲಿಗೆ ಮಣಿ ಒಂದು ಸಲ ಕುಂಯ್ ಎಂದಿತು. ಸದ್ದು ಬಹಳ ಸಣ್ಣದು. ಒಳಗಿನ ಚಿಲಕ ತೆಗೆದ ಶಬ್ದ ಕೇಳಿಸಿತು. ಓನರ್ ಹೊರಗೆ ಬಂದು ಯಾರ ಮುಖವನ್ನೂ ನೋಡದ ಹಾಗೆ ತಮ್ಮ ಹೆಗಲ ಮೇಲಿನ ವಲ್ಲಿಯಿಂದ ನಾಯಿಯ ಮೂತಿ ಕಟ್ಟಿ ಎತ್ತಿಕೊಂಡರು.

“ಗೇಟಿನ ತನಕ ಬರ್ತೀನಿ. ಒಳಗೆ ಬರಲ್ಲ. ಮೊದಲೇ ಹೇಳಿದೀನಿ,” ಎಂದರು.

ಮುಖ್ಯರಸ್ತೆಯಲ್ಲಿ ಆಟೋ ನಿಂತಿತು. ಡ್ರೈವರ್ ನಾಯಿಯನ್ನು ನೋಡಿದ.

“ಕಚ್ಚುತ್ತಾ?”

“ಈಗ ಕಚ್ಚಲ್ಲ. ಹೆಚ್ಚೆಂದ್ರೆ ವಾಂತಿ ಮಾಡ್ಬೋದು,” ಎಂದೆ. ನಿಜ ಹೇಳುವುದು ನನ್ನ ಅಭ್ಯಾಸ.

“ಹಂಗಾದ್ರೆ ಬೇಡ ಗುರು. ಕಚ್ಚೋದಾಗಿದ್ರೆ ಕರ್ಕೊಂಡು ಹೋಗ್ತಿದ್ದೆ. ಸೀಟು ನಿನ್ನೆ ತಾನೆ ಹೊಲಿಸಿದೀನಿ.”

ಎರಡನೇ ಆಟೋದವನು ಕತ್ತು ತಿರುಗಿಸಲೂ ಇಲ್ಲ. ಮೂರನೆಯದಾಗಿ ಬಂದದ್ದು ಒಂದು ಜಟಕಾ. ಗಾಡಿಯವನು ಎಲ್ಲಿಗೆಂದು ಕೇಳಿದ. ದನದ ಆಸ್ಪತ್ರೆಗೆ ಎಂದೆವು.

“ಹತ್ತಿ, ಹತ್ತಿ. ನಾನೂ ಇವತ್ತು ಅಲ್ಲಿಗೇ ಹೋಗ್ಬೇಕು ಅಂತಿದ್ದೆ,” ಎಂದ.

ನಾವು ಮೂರು ಜನ ಮತ್ತು ಮಣಿ ಹತ್ತಿ ಕೂತೆವು. ಗುಮಾಸ್ತರು ಓನರ್ ಅವರಿಗೆ ಒತ್ತಿಕೊಂಡು ಕೂತು ಮಕ್ಕಳ ಯೋಗಕ್ಷೇಮ ವಿಚಾರಿಸಿದರು, ಒಬ್ಬೊಬ್ಬರದಾಗಿ, ಐದು ಜನರದೂ. ಓನರ್ ಸರಿದು ಸರಿದು ಅರ್ಧ ಗಾಡಿಯ ಹೊರಗಿದ್ದರು. ಮಾರ್ಕೆಟ್ಟಿನ ಹತ್ತಿರ ಕುದುರೆ ಕೆಮ್ಮಿತು. ಮುಂದೆ ಇಳಿಜಾರಿನಲ್ಲಿ ಮತ್ತೆ ಕೆಮ್ಮಿತು. ಪ್ರತಿ ಸಲ ಕೆಮ್ಮಿದಾಗಲೂ ಗಾಡಿ ನಿಂತು, ಸುಧಾರಿಸಿಕೊಂಡು, ಆಮೇಲೆ ಹೊರಡುತ್ತಿತ್ತು.

ಆಸ್ಪತ್ರೆಯ ಗೇಟಿನಲ್ಲಿ ನಾವು ಇಳಿಯುವುದರೊಳಗೆ ಜಟಕಾದವನು ಕುದುರೆ ಬಿಚ್ಚಿಕೊಂಡು ಒಳಗೆ ಓಡಿದ್ದ. ನಮ್ಮ ನಂಬರು ಏಳು. ನಮ್ಮನ್ನು ಕರೆತಂದ ಗಾಡಿಯದು ಆರು.

ಬುಕ್ಕಾದ ನಾಯಿಗಳು

ಗೇಟಿನ ತನಕ ಮಾತ್ರ ಎಂದಿದ್ದ ಓನರ್ ಗೇಟಿನಲ್ಲಿ ನಾಯಿಯನ್ನು ನನ್ನ ಕೈಗೆ ಕೊಡಲು ನೋಡಿದರು. ಕಟ್ಟಿದ ಬಾಯಿಯಲ್ಲೂ ಮಣಿ ಗುರ್ ಎಂದಿತು. ಬೇರೆ ದಾರಿಯಿಲ್ಲದೆ ಅವರೇ ಎತ್ತಿಕೊಂಡು ವರಾಂಡದ ಬೆಂಚಿನ ತುದಿಯವರೆಗೆ ಬಂದರು. ಕಾಂಪೌಂಡರು ಮೇಜಿನ ಮೇಲೆ ಚೀಟಿ ಬರೆಯುತ್ತಿದ್ದರು.

“ಹೆಸರು?”

“ಮಣಿ.”

“ವಯಸ್ಸು?”

“ಆರು.”

“ಗಂಡೋ ಹೆಣ್ಣೋ?”

“ಗಂಡು.”

“ಹಿಂದೆ ಯಾವುದಾದ್ರೂ ಆಪರೇಷನ್ ಆಗಿದ್ಯಾ?”

“ಇಲ್ಲ. ಆದ್ರೆ ನನಗೆ ಬಿ.ಪಿ. ಇದೆ,” ಎಂದರು ಓನರ್.

ಕಾಂಪೌಂಡರು ತಲೆ ಎತ್ತದೆ ‘ಬಿ.ಪಿ. ಇದೆ’ ಎಂದು ಬರೆದರು. ಮಣಿಯ ಚೀಟಿಯಲ್ಲಿ ಅದು ಕೊನೆಯವರೆಗೂ ಹಾಗೇ ಇತ್ತು.

ಡಾಕ್ಟರು ಬೆಂಚಿನ ಹತ್ತಿರವೇ ಬಂದು ಹೊಟ್ಟೆ ಒತ್ತಿ ನೋಡಿದರು. ವಾಟೆ ಕೈಗೆ ಸಿಗುತ್ತಿತ್ತು. “ಈಗಲೇ ಆಪರೇಷನ್ ಆಗ್ಬೇಕು. ಇನ್ನೊಂದು ಗಂಟೆ ತಡ ಆದ್ರೆ ಪ್ರಯೋಜನ ಇಲ್ಲ. ಓನರ್ ಸೈನ್ ಹಾಕಿ ಒಳಗೆ ಬರ್ಲಿ,” ಎಂದು ಹೇಳಿ ಕೈ ತೊಳೆಯಲು ಹೋದರು.

ಓನರ್ ಬಿಳುಚಿಕೊಂಡರು. ಅವರು ಮಣಿಯನ್ನು ಮೆಲ್ಲಗೆ ಬೆಂಚಿನ ಮೇಲೆ ಮಲಗಿಸಿ ‘ಬಂದೆ’ ಎಂದು ಗೇಟಿನ ಕಡೆ ನಡೆದರು.

ಗುಮಾಸ್ತರು ಅದನ್ನು ಗಮನಿಸಲಿಲ್ಲ. ಆಪರೇಷನ್ ಎಂಬ ಪದ ಕೇಳಿದ್ದೇ ಅವರಿಗೆ ಬೇರೊಂದು ಯೋಚನೆ ಬಂದಿತ್ತು. ಕಾಂಪೌಂಡರ ಕಿವಿಯ ಹತ್ತಿರ ಬಗ್ಗಿದರು.

“ಆಪರೇಷನ್ ಆದ್ಮೇಲೆ ಸರ್ಟಿಫಿಕೇಟ್ ಕೊಡ್ತೀರಾ ಸಾರ್?”

“ಏನಂತ?”

“ಮಣಿ, ಗಂಡು, ಆಪರೇಷನ್ ಆಗಿದೆ. ಇಷ್ಟೇ ಸಾಕು. ಉಳಿದ ವಿವರ ಬೇಡ.”

“ವಯಸ್ಸು ಆರು ಅಂತ ಬರ್ದಿದೀನಲ್ಲ.”

“ಅದರ ಎಡಗಡೆ ಒಂದು ಮೂರು ಸೇರಿಸಿದ್ರೆ ಮೂವತ್ತಾರು ಆಗುತ್ತೆ.”

ಕಾಂಪೌಂಡರು ಪೆನ್ನು ಕೆಳಗಿಟ್ಟರು. ಅವರಿಗೆ ಕೋಪ ಬಂತೆಂದು ನಾನು ಭಾವಿಸಿದೆ. ಅವರ ಮುಖದಲ್ಲಿ ನಿಜವಾದ ಅನುಕಂಪವಿತ್ತು.

“ಕೊಡಬೋದಿತ್ತು ಸ್ವಾಮಿ. ಆದ್ರೆ ಈ ತಿಂಗಳ ನಾಯಿಗಳೆಲ್ಲ ನಮ್ಮ ಆಫೀಸಿನವರಿಗೇ ಬುಕ್ ಆಗಿವೆ.”

ಟೇಬಲ್ಲು

ನಾನು ಗೇಟಿಗೆ ಓಡಿದೆ. ಓನರ್ ಹೊರಗೆ ಹೋಗಿರಲಿಲ್ಲ. ಗೇಟಿನ ಸರಳು ಹಿಡಿದುಕೊಂಡು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು.

“ನಾನು ಒಳಗೆ ಹೋಗ್ದೇ ಇದ್ರೆ?”

“ಇಂಜೆಕ್ಷನ್ ಕೊಡೋವಾಗ ಬೇರೆ ಯಾರೂ ಹಿಡಿಯಕ್ಕೆ ಆಗಲ್ಲ ಸಾರ್. ಅವರೂ ಬಲವಂತ ಮಾಡಲ್ಲ. ಸಂಜೆ ತನಕ ಉಳಿಯಲ್ಲ.”

ಅವರು ತಿರುಗಿ ವರಾಂಡದ ಬೆಂಚಿನ ಕಡೆ ನೋಡಿದರು.

“ಎಷ್ಟು ಹೊತ್ತು ಹಿಡಿಯುತ್ತೆ?”

“ಮುಕ್ಕಾಲು ಗಂಟೆ.”

“ನೋವು?”

“ಮತ್ತು ಬರಿಸ್ತಾರೆ. ಗೊತ್ತಾಗಲ್ಲ.”

“ಆಮೇಲೆ ಅಂಗಡಿ ಗಿಂಗಡಿ, ಓಡಾಟ?”

ನನಗೆ ಆ ಪ್ರಶ್ನೆ ಸರಿಯಾಗಿ ಅರ್ಥವಾಗಲಿಲ್ಲ. ಮಣಿ ಕೆಲವು ಸಲ ಅವರ ಹಿಂದೆಯೇ ಅಂಗಡಿಯವರೆಗೆ ಹೋಗುತ್ತಿತ್ತು. “ಹತ್ತು ದಿನ ಮನೆಯಲ್ಲೇ ಕಟ್ಟಿ ಹಾಕ್ಬೇಕು. ಗಂಜಿ ಮಾತ್ರ. ಹೊಲಿಗೆ ಬಿಚ್ಚೋ ತನಕ ಗಾಯ ನೆಕ್ಕಿಕೊಳ್ದೇ ಇರೋ ಹಾಗೆ ಕತ್ತಿಗೆ ಒಂದು ರಟ್ಟು ಕಟ್ತಾರೆ,” ಎಂದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೇಟಿನ ಸರಳು ಬಿಟ್ಟರು.

ಒಳಗೆ ಬಂದವರೇ ಕಾಗದವನ್ನು ಓದದೆ ಸಹಿ ಹಾಕಿದರು. ಮಣಿಯನ್ನು ಎದೆಗೆ ಅವಚಿಕೊಂಡು ಅದರ ಕಿವಿಯಲ್ಲಿ ಏನೋ ಹೇಳುತ್ತಾ ಇಂಜೆಕ್ಷನ್ ಕೊಡಿಸಿದರು. ನಾಯಿ ಅಲುಗಲಿಲ್ಲ. ಮಣಿಗೆ ಮತ್ತು ಬಂದ ಮೇಲೆ ಅದನ್ನು ನನ್ನ ತೋಳಿಗೆ ಕೊಟ್ಟರು. ಅದು ನನ್ನನ್ನು ಕಚ್ಚದೆ ನನ್ನ ಕೈಯಲ್ಲಿದ್ದದ್ದು ಅದೇ ಮೊದಲು, ಅದೇ ಕೊನೆ.

“ಬನ್ನಿ, ಟೇಬಲ್ ರೆಡಿ ಇದೆ,” ಎಂದು ಕಾಂಪೌಂಡರು ಕರೆದರು.

“ಎರಡು ನಿಮಿಷ,” ಎಂದರು ಓನರ್. ಅಂಗಿ ಬಿಚ್ಚಿ ನೀಟಾಗಿ ಮಡಿಸಿ ಗುಮಾಸ್ತರ ಕೈಗೆ ಕೊಟ್ಟರು. ಅದರ ಮೇಲೆ ಕನ್ನಡಕ ಇಟ್ಟರು. ಜನಿವಾರವನ್ನು ಸರಿಮಾಡಿಕೊಂಡು, ಟೇಬಲ್ ಹತ್ತಿ, ಅಂಗಾತ ಮಲಗಿ, ಎದೆಯ ಮೇಲೆ ಕೈ ಜೋಡಿಸಿ ಕಣ್ಣು ಮುಚ್ಚಿದರು.

ಡಾಕ್ಟರು ಕೈಗವಸು ಹಾಕಿಕೊಂಡು ಬಂದರು. ಟೇಬಲ್ ನೋಡಿದರು. ನನ್ನ ಕೈಯಲ್ಲಿದ್ದ ನಾಯಿಯನ್ನು ನೋಡಿದರು. ಮತ್ತೆ ಟೇಬಲ್ ನೋಡಿದರು.

“ಇದ್ರಲ್ಲಿ ವಾಟೆ ನುಂಗಿರೋದು ಯಾರು?” ಎಂದು ನನ್ನನ್ನು ಕೇಳಿದರು.

ಉತ್ತರ ಟೇಬಲ್ಲಿನ ಮೇಲಿಂದ, ಕಣ್ಣು ಮುಚ್ಚಿದ ಹಾಗೇ ಬಂತು: “ಡಾಕ್ಟ್ರೇ, ಮೊದಲು ನಂದು ಮುಗಿಸ್ಬಿಡಿ. ನಾನೇನೂ ತಕರಾರು ಮಾಡಲ್ಲ. ಆಮೇಲೆ ಅವನಿಗೆ ಗಡಿಬಿಡಿ ಮಾಡ್ದೆ ನಿಧಾನವಾಗಿ ನೋಡಿ.”

ಡಾಕ್ಟರಿಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಅವರು ನಗಲಿಲ್ಲ.

“ಎದ್ದೇಳಿ ಸ್ವಾಮಿ. ಈ ಟೇಬಲ್ ಮೇಲೆ ಮಲಗಕ್ಕೆ ನಾಲ್ಕು ಕಾಲು ಇರ್ಬೇಕು,” ಎಂದರು.

ಹನ್ನೆರಡನೇ ವಾಟೆ ಹೊರಗೆ ಬಂತು. ಮಣಿ ಉಳಿಯಿತು. ಹನ್ನೊಂದನೇ ದಿನ ಕತ್ತಿನ ರಟ್ಟು ಬಿಚ್ಚಿದ ಕೂಡಲೇ ಗುಮಾಸ್ತರನ್ನು ಕಚ್ಚಿತು. ನಾಯಿ ಪೂರ್ತಿ ಗುಣವಾಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಿದೆ.

ಗುಮಾಸ್ತರು ಆ ಸಿಟ್ಟಿಗೆ, ಟೇಬಲ್ಲಿನ ಸಂಗತಿಯನ್ನು ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಎಲ್ಲರ ಮುಂದೆ ಸವಿಸ್ತಾರವಾಗಿ ಹೇಳಿದರು. ಗಂಡಸರು ಹಲ್ಲುಜ್ಜುವುದನ್ನು ನಿಲ್ಲಿಸಿ ನಕ್ಕರು. ಓನರ್ ಕೂಡ ಸ್ವಲ್ಪ ನಕ್ಕರು. ಓನರಮ್ಮ ಕೊಡ ತುಂಬುತ್ತಿದ್ದರು. ಅವರು ನಗಲಿಲ್ಲ. ನಲ್ಲಿ ನಿಲ್ಲಿಸಿದರು. ಸೆರಗಿನಿಂದ ಕೈ ಒರೆಸಿಕೊಂಡು ಗಂಡನ ಕಡೆ ತಿರುಗಿದರು.

“ನಾಯಿಗೋಸ್ಕರ ಟೇಬಲ್ ಹತ್ತಿ ಮಲಗಿದ್ರಾ? ಐದು ಹೆರಿಗೆ ಆಯ್ತು ನಂಗೆ. ಐದನೇದಕ್ಕೆ ಡಾಕ್ಟ್ರಮ್ಮ ಇನ್ನು ಸಾಕು, ನಿಮ್ಮ ಯಜಮಾನ್ರನ್ನ ಕರ್ಕೊಂಡು ಬನ್ನಿ ಅಂತ ಎರಡು ಸಲ ಹೇಳಿ ಕಳಿಸಿದ್ರು. ಆಗ ಎಲ್ಲಿ ಮಲಗಿದ್ರಿ?”

ಆರು ಮನೆಯ ಗಂಡಸರಿಗೂ ಒಟ್ಟಿಗೇ ಒಳಗೆ ಏನೋ ಕೆಲಸ ನೆನಪಾಯಿತು. ನನಗಿನ್ನೂ ಮದುವೆಯೇ ಆಗಿರಲಿಲ್ಲ. ನಾನೂ ಒಳಗೆ ಹೋದೆ.